ಎಲ್ಲರಿಗೂ ಹಿಡಿಸುವ ಪಕ್ಷವೇ ಗೆಲ್ಲುತ್ತದೆಯೇ?

ಪ್ರಶ್ನೆ: ನಾನು ಸೇಡಂ ಕಡೆಯವನು. ಒಂದು ಪಕ್ಷದ ಪರವಾಗಿ ನಮ್ಮೂರ ಬೂತ್‌ನಲ್ಲಿ ಕೆಲಸ ಮಾಡುತ್ತೇನೆ. ಈಚೆಗೆ ಕಲಬುರಗಿಯಲ್ಲಿ ಕಾರ್ಯಕರ್ತರ ಸಭೆ ಕರೆದಿದ್ದರು. ‘ಹಳೆ ಬೇಡಿಕೆ, ಹಳೆ ಘೋಷಣೆ ಸದ್ಯಕ್ಕೆ ಬೇಡ. ಯಾರಿಗೂ ಬೇಜಾರಾಗದಂತೆ, ಎಲ್ಲರಿಗೂ ಹಿಡಿಸುವಂತೆ ಮಾತಾಡಿ’ ಎಂದರು. ನಮ್ಮ ಕಾಕಾ ಮೊದಲಿನಿಂದಲೂ ಇದೇ ಪಕ್ಷದಲ್ಲಿದ್ದವರು. ‘ಹಂಗಾದ್ರ ಪಕ್ಷ ಯಾಕ ಬೇಕು?’ ಎಂದು ಸಿಟ್ಟಾಗಿದ್ದಾರೆ. ನನಗೋ, ಗೆಲ್ಲದೆ ತತ್ವ ಇಟ್ಟುಕೊಂಡು ಏನು ಮಾಡೋದು ಅನಿಸುತ್ತದೆ. ನಮ್ಮಿಬ್ಬರಲ್ಲಿ ಯಾರು ಸರಿ?

ಉತ್ತರ: ಯಾವ ಪಕ್ಷ ಅಂತ ನೀವು ಬರೆದಿದ್ದೀರಿ. ಅದನ್ನು ಇಲ್ಲಿ ತೆಗೆದಿದ್ದೇನೆ. ಉತ್ತರಕ್ಕೆ ಅದು ಬೇಕಾಗಿಲ್ಲ. ಹೆಸರು ಕಂಡ ಕೂಡಲೇ ಅರ್ಧ ಓದುಗರು ಮುಂದಿನದನ್ನು ಓದುವುದೂ ಇಲ್ಲ.

ನಿಮ್ಮ ನಾಯಕರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅದರ ಹಿಂದೆ ಹಳೆಯದೊಂದು ಲೆಕ್ಕ ಇದೆ. 1929ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಅಂಗಡಿಗಳ ಪೈಪೋಟಿ ಬಗ್ಗೆ ಬರೆದ. ಅದನ್ನು ನಮ್ಮ ಸ್ಟೇಷನ್ ರಸ್ತೆಗೆ ತಂದು ನೋಡಿ. ರಸ್ತೆಯ ಎರಡು ತುದಿಗೆ ಎರಡು ಚಹಾ ಅಂಗಡಿ. ಚಹಾ ಒಂದೇ ರುಚಿ, ಒಂದೇ ರೇಟು. ಜನ ತಮಗೆ ಹತ್ತಿರ ಇದ್ದಲ್ಲಿಗೆ ಹೋಗುತ್ತಾರೆ. ಒಬ್ಬ ತನ್ನ ಅಂಗಡಿಯನ್ನು ಸ್ವಲ್ಪ ನಡುವಿಗೆ ಸರಿಸಿದ ಅನ್ನಿ. ಎದುರಿನವನ ಕೆಲವು ಗಿರಾಕಿಗಳು ಇವನ ಪಾಲಾಗುತ್ತಾರೆ. ಇವನ ಬೆನ್ನ ಹಿಂದೆ, ತುದಿಯಲ್ಲಿ ಇದ್ದವರು? ಅವರಿಗೆ ಈಗಲೂ ಇವನೇ ಹತ್ತಿರ. ಎದುರಿನವನೂ ಸುಮ್ಮನೆ ಕೂರುವುದಿಲ್ಲ, ಅವನೂ ಸರಿಯುತ್ತಾನೆ. ಕೊನೆಗೆ ಎರಡೂ ಅಂಗಡಿ ನಟ್ಟನಡುವೆ ಗೋಡೆಗೆ ಗೋಡೆ ಹಚ್ಚಿ ನಿಲ್ಲುತ್ತವೆ. ಪಕ್ಷಗಳೂ ಹೀಗೇ ಮಾಡುತ್ತವೆ ಎಂದು ಹೊಟೆಲಿಂಗ್ ಆಗಲೇ ಹೇಳಿದ್ದ. 1957ರಲ್ಲಿ ಆಂಥನಿ ಡೌನ್ಸ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಅದನ್ನು ಪೂರ್ತಿ ಸಿದ್ಧಾಂತವಾಗಿ ಬೆಳೆಸಿದ. ನಿಮ್ಮ ಸಭೆಯಲ್ಲಿ ಮಾತಾಡಿದವರು ಇದನ್ನು ಓದಿರಲಿ ಬಿಡಲಿ, ಹೇಳಿದ್ದು ಇದನ್ನೇ.

ಆದರೆ ಈ ಲೆಕ್ಕದೊಳಗೆ ಒಂದು ಷರತ್ತು ಅಡಗಿದೆ. ತುದಿಯಲ್ಲಿದ್ದವನು ಎಷ್ಟೇ ದೂರವಾದರೂ ನಡೆದು ಬಂದೇ ಬರುತ್ತಾನೆ ಅಂತ ನಂಬಬೇಕು. ಬರದೇ ಮನೆಯಲ್ಲೇ ಉಳಿದರೆ? ಆ ಪ್ರಶ್ನೆಯನ್ನು ಡೌನ್ಸ್ ಕೂಡ ಎತ್ತಿದ್ದ. ನಮ್ಮ ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ ಈಚಿನ ಚುನಾವಣೆಗಳಲ್ಲಿ ಮತದಾನ ಶೇ 60ರ ಆಸುಪಾಸು. ಅಂದರೆ ನೂರರಲ್ಲಿ ಹತ್ತಿರ ಹತ್ತಿರ ನಲವತ್ತು ಮಂದಿ ಯಾವ ಅಂಗಡಿಗೂ ಬಂದಿಲ್ಲ. ಕೆಲವರು ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋದವರು, ಅದು ನಿಜ. ಊರಲ್ಲೇ ಇದ್ದು ‘ಯಾರು ಬಂದ್ರೇನು’ ಎಂದು ಕೂತವರೂ ಕಡಿಮೆ ಇಲ್ಲ.

ಇನ್ನೊಂದು ಸಮಸ್ಯೆ ಇದಕ್ಕಿಂತ ದೊಡ್ಡದು. ಹೊಟೆಲಿಂಗ್ ರಸ್ತೆಯಲ್ಲಿ ಇದ್ದದ್ದು ಎರಡೇ ಅಂಗಡಿ. ನಮ್ಮಲ್ಲಿ ಮೂರು, ನಾಲ್ಕು. ಹಾಗಾಗಿ ಎಷ್ಟು ಮತ ಬಂತು ಅನ್ನುವುದಕ್ಕಿಂತ, ಉಳಿದವರ ಮತ ಹೇಗೆ ಒಡೆಯಿತು ಅನ್ನುವುದೇ ಎಷ್ಟೋ ಸಲ ಫಲಿತಾಂಶ ಬರೆಯುತ್ತದೆ. ಕರ್ನಾಟಕ ವಿಧಾನಸಭೆಯ ಮೂರು ಚುನಾವಣೆ ನೋಡಿ. 2013ರಲ್ಲಿ ಕಾಂಗ್ರೆಸ್‌ಗೆ ಬಂದದ್ದು ಶೇ 36ರಿಂದ 37ರ ನಡುವೆ, ಸೀಟು 122. ಆಗ ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಎಂಬ ಬೇರೆ ಪಕ್ಷ ಕಟ್ಟಿದ್ದರು, ಬಿಜೆಪಿ ಮತ ಒಡೆದಿತ್ತು. 2018ರಲ್ಲಿ ಬಿಜೆಪಿಗೆ ಶೇ 36 ಚಿಲ್ಲರೆ, ಸೀಟು 104. ಅದೇ ವರ್ಷ ಕಾಂಗ್ರೆಸ್‌ಗೆ ಶೇ 38 ಬಂದರೂ ಸಿಕ್ಕದ್ದು 80. 2023ರಲ್ಲಿ ಬಿಜೆಪಿಗೆ ಮತ್ತೆ ಶೇ 36, ಸೀಟು ಮಾತ್ರ 66. ಮತ ಅಷ್ಟೇ, ಸೀಟು ಮಾತ್ರ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ಬಿಜೆಪಿಯ ಮತದಾರ ಎಲ್ಲೂ ಹೋಗಿರಲಿಲ್ಲ. ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ ಶೇ 43ರ ಹತ್ತಿರಕ್ಕೆ ಹೋಯಿತು, ಕಥೆ ಅಲ್ಲಿಗೆ ಮುಗಿಯಿತು. 2023ರ ಮೇ ತಿಂಗಳಲ್ಲಿ ‘ತತ್ವ ಬಿಟ್ಟಿದ್ದಕ್ಕೆ ಸೋತರು’ ಎಂದವರೂ ಇದ್ದರು, ‘ತತ್ವ ಜಾಸ್ತಿ ಆಗಿದ್ದಕ್ಕೆ ಸೋತರು’ ಎಂದವರೂ ಇದ್ದರು. ಅಂಕಿ ಎರಡನ್ನೂ ಹೇಳುವುದಿಲ್ಲ.

ಬ್ರಿಟನ್ನಿನಲ್ಲೂ ಇದೇ ಆಟ. ಅಲ್ಲಿನ ಲೇಬರ್ ಪಕ್ಷ 2017ರಲ್ಲಿ ಎಡಕ್ಕೆ ಗಟ್ಟಿಯಾಗಿ ವಾಲಿದ್ದ ಕಾರ್ಬಿನ್ ನಾಯಕತ್ವದಲ್ಲಿ ಶೇ 40 ಮತ ಪಡೆದು ಸೋತಿತು. 2024ರಲ್ಲಿ ನಡುವಿಗೆ ಬಂದ ಸ್ಟಾರ್ಮರ್ ಶೇ 34ಕ್ಕೂ ಕಡಿಮೆ ಮತದಲ್ಲಿ 410ಕ್ಕೂ ಹೆಚ್ಚು ಸೀಟು ಗೆದ್ದರು. ಎದುರಿನ ಕನ್ಸರ್ವೇಟಿವ್ ಮತವನ್ನು ರಿಫಾರ್ಮ್ ಪಕ್ಷ ಕಿತ್ತುಕೊಂಡಿತ್ತು. ‘ನಡುದಾರಿ ಗೆದ್ದಿತು’ ಎಂದು ಪತ್ರಿಕೆಗಳು ಬರೆದವು. ನಡುದಾರಿಗೆ ಬಂದ ಮತ ಮಾತ್ರ ಕಡಿಮೆಯೇ ಆಗಿತ್ತು.

ನಮ್ಮ ಕ್ಷೇತ್ರಕ್ಕೇ ಬನ್ನಿ. ಮಲ್ಲಿಕಾರ್ಜುನ ಖರ್ಗೆ 1972ರಿಂದ ಒಂದೂ ಚುನಾವಣೆ ಸೋತಿರಲಿಲ್ಲ. 2019ರಲ್ಲಿ 95 ಸಾವಿರ ಚಿಲ್ಲರೆ ಮತದಿಂದ ಸೋತರು. ಗೆದ್ದ ಉಮೇಶ ಜಾಧವ್ ಆ ವರ್ಷದ ಶುರುವಿನವರೆಗೂ ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದವರು. ಐದು ವರ್ಷ ಕಳೆದು 2024ರಲ್ಲಿ ಕಾಂಗ್ರೆಸ್‌ನ ರಾಧಾಕೃಷ್ಣ ದೊಡ್ಡಮನಿ ಸುಮಾರು 27 ಸಾವಿರದಿಂದ ಗೆದ್ದರು. ಈ ಐದು ವರ್ಷದಲ್ಲಿ ಯಾವ ಪಕ್ಷ ಎಡಕ್ಕೆ ಸರಿಯಿತು, ಯಾವುದು ಬಲಕ್ಕೆ ಸರಿಯಿತು? ಹೆಚ್ಚೇನೂ ಇಲ್ಲ. ದೇಶದ ಗಾಳಿ, ಅಭ್ಯರ್ಥಿ, ಜಾತಿಯ ಕೂಡಿಕೆ, ಗ್ಯಾರಂಟಿ ಯೋಜನೆ, ಇವು ಬದಲಾದವು. ಆಳಂದದಲ್ಲಂತೂ ಬಿ.ಆರ್. ಪಾಟೀಲ ಮತ್ತು ಸುಭಾಷ್ ಗುತ್ತೇದಾರ ಬೇರೆ ಬೇರೆ ಪಕ್ಷದ ಗುರುತಿನಲ್ಲಿ ನಿಂತು ಗೆದ್ದೂ ಇದ್ದಾರೆ, ಸೋತೂ ಇದ್ದಾರೆ. 2018ರಲ್ಲಿ ಅವರಿಬ್ಬರ ನಡುವಿನ ಅಂತರ 697 ಮತ. ಅಲ್ಲಿನ ಮತದಾರನಿಗೆ ಪಕ್ಷದ ಪ್ರಣಾಳಿಕೆ ತೋರಿಸಿ ‘ನೀವು ನಡುವೋ, ತುದಿಯೋ’ ಅಂತ ಕೇಳಿದರೆ ನಗುತ್ತಾನೆ.

ಹಾಗಾದರೆ ತತ್ವಕ್ಕೆ ಬೆಲೆಯೇ ಇಲ್ಲವಾ? ಇದೆ. ಅದು ಕೆಲಸ ಮಾಡುವ ಜಾಗ ಬೇರೆ.

ನೀವು ಬೂತ್ ಕೆಲಸ ಮಾಡುವವರು, ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ, ಉಳಿದ ಓದುಗರಿಗೆ ಹೇಳುತ್ತೇನೆ. 2024ರ ಮೇ 7, ನಮ್ಮಲ್ಲಿ ಮತದಾನ. ಮತಗಟ್ಟೆಯಿಂದ 200 ಮೀಟರ್ ಆಚೆ ಒಂದು ಟೇಬಲ್, ಎರಡು ಕುರ್ಚಿ, ಮೇಲೆ ನೆರಳಿಗೆ ಒಂದು ತಾಡಪತ್ರಿ. ನಿಯಮ ಅಷ್ಟಕ್ಕೇ ಬಿಡುತ್ತದೆ. ಟೇಬಲ್ ಮೇಲೆ ಮತದಾರರ ಪಟ್ಟಿ, ಒಂದು ಪೆನ್ನು, ಬಿಳಿ ಚೀಟಿಯ ಕಟ್ಟು. ಚೀಟಿಯ ಮೇಲೆ ಪಕ್ಷದ ಹೆಸರು, ಗುರುತು ಇರುವ ಹಾಗಿಲ್ಲ. ಬಂದವರ ಕ್ರಮಸಂಖ್ಯೆ ಹುಡುಕಿ ಬರೆದುಕೊಡಬೇಕು, ಬರದವರ ಹೆಸರಿನ ಮುಂದೆ ಗೀಟು ಹಾಕಿ ಮಧ್ಯಾಹ್ನ ಅವರ ಮನೆಗೆ ಹುಡುಗರನ್ನು ಕಳಿಸಬೇಕು. ಬೆಳಗ್ಗೆ 7ರಿಂದ ಸಂಜೆ 6ರವರೆಗೆ. ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ವಾ? ಒಳಗೆ ಕೂತ ಏಜೆಂಟ್‌ನದು ಇನ್ನೊಂದು ಪಾಡು. ಕೊನೆಯ ಮತ ಬಿದ್ದು, ಯಂತ್ರಕ್ಕೆ ಸೀಲು ಹಾಕಿ, ಎಷ್ಟು ಮತ ಬಿತ್ತು ಅಂತ ಬರೆದ 17ಸಿ ನಮೂನೆಯ ಪ್ರತಿ ಕೈಗೆ ಬರುವವರೆಗೆ ಎದ್ದು ಬರುವಂತಿಲ್ಲ.

ಊಟದ ಪೊಟ್ಟಣ, ಒಂದಿಷ್ಟು ಖರ್ಚಿನ ದುಡ್ಡು ಕೊಟ್ಟು ಯಾರನ್ನಾದರೂ ಕೂರಿಸಬಹುದು ಅನ್ನುತ್ತೀರಾ? ಕೂರಿಸುತ್ತಾರೆ. ಅವನು ಕುರ್ಚಿಯಲ್ಲಿ ಇರುತ್ತಾನೆ, ಅವನ ಗಮನ ಪಟ್ಟಿಯಲ್ಲಿ ಇರುವುದಿಲ್ಲ. ಮೂರು ಗಂಟೆಗೆ ಇನ್ನೂ ಬರದ ಮನೆಗಳು ಯಾವುವು ಅಂತ ತಲೆಯಲ್ಲಿ ಇಟ್ಟುಕೊಂಡು ಓಣಿ ಓಣಿ ತಿರುಗುವವರು ನಿಮ್ಮ ಕಾಕಾನಂಥವರು. ಅವರು ಯಾಕೆ ತಿರುಗುತ್ತಾರೆ? ಪಕ್ಷ ತಮ್ಮದು ಅನಿಸಿದ್ದಕ್ಕೆ. ಆ ‘ತಮ್ಮದು’ ಯಾವುದೋ ಒಂದೆರಡು ಮಾತಿನ ಮೇಲೆ ನಿಂತಿರುತ್ತದೆ. ಭೂಮಿ ಇರಬಹುದು, ದೇವಸ್ಥಾನ ಇರಬಹುದು, ಮೀಸಲಾತಿ ಇರಬಹುದು, ಕನ್ನಡ ಇರಬಹುದು. ನಡುವಿನ ಮತದಾರನನ್ನು ಹಿಡಿಯಲು ಹೋಗಿ ಆ ಮಾತನ್ನೇ ಬಿಟ್ಟರೆ, ನಡುವಿನ ಮತದಾರನನ್ನು ಬೂತ್‌ವರೆಗೆ ಕರೆತರುವ ಮನುಷ್ಯನೇ ಮನೆಯಲ್ಲಿ ಉಳಿಯುತ್ತಾನೆ. ಬೆಂಗಳೂರಿನಿಂದ ಸಮೀಕ್ಷೆ ಹಿಡಿದುಕೊಂಡು ಬರುವ ಸಲಹೆಗಾರರ ಲೆಕ್ಕದಲ್ಲಿ ಈ ಮನುಷ್ಯನಿಗೆ ಕಾಲಂ ಇರುವುದಿಲ್ಲ.

ಹಾಗಂತ ಗಟ್ಟಿ ನಿಂತರೆ ಸಾಕು ಅನ್ನುವುದೂ ಸುಳ್ಳು. ಯಾವುದರ ಮೇಲೆ ಗಟ್ಟಿ ನಿಲ್ಲುತ್ತೇವೆ ಅನ್ನುವುದು ಮುಖ್ಯ. ಎಡಪಕ್ಷಗಳನ್ನು ನೋಡಿ. 2004ರಲ್ಲಿ ಸಿಪಿಎಂಗೆ 43 ಲೋಕಸಭಾ ಸೀಟು, ದೆಹಲಿ ಸರ್ಕಾರ ಅವರ ಬೆಂಬಲದ ಮೇಲೆ ನಿಂತಿತ್ತು. ಉದ್ಯೋಗ ಖಾತ್ರಿ ಕಾಯ್ದೆ ಬರುವಲ್ಲಿ ಅವರ ಒತ್ತಡವೂ ಇತ್ತು. ಆದರೆ 2008ರಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದ ವಿರೋಧಿಸಿ ಬೆಂಬಲ ಹಿಂತೆಗೆದರು. ತತ್ವದ ದೃಷ್ಟಿಯಿಂದ ಅವರದು ಹಳೆಯ ನಿಲುವೇ, ತಪ್ಪು ಹುಡುಕುವಂತಿಲ್ಲ. ಆದರೆ ಕೂಲಿಗೆ ಹೋಗುವವನ ಮನೆಯಲ್ಲಿ ಅಣು ಒಪ್ಪಂದ ಯಾರ ಸಮಸ್ಯೆ? 2009ರಲ್ಲಿ 16 ಸೀಟಿಗೆ ಇಳಿದರು. ಬಂಗಾಳದ ಸಿಂಗೂರು, ನಂದಿಗ್ರಾಮದಲ್ಲಿ ರೈತರ ಭೂಮಿ ಕಿತ್ತುಕೊಳ್ಳುವ ಗಲಾಟೆಯೂ ಇದಕ್ಕೆ ಸೇರಿತ್ತು ಅನ್ನಿ. ಜಗಳ ಆಡುವುದಾದರೆ ಖಾತ್ರಿ ಕೂಲಿಯ ಮೇಲೆ ಆಡಬಹುದಿತ್ತು ಎಂಬುದು ನನ್ನ ಅನಿಸಿಕೆ.

ಬಿಜೆಪಿಯ ಹಾದಿ ಇನ್ನೂ ಕುತೂಹಲದ್ದು. 1980ರಲ್ಲಿ ಪಕ್ಷ ಹುಟ್ಟಿದಾಗ ವಾಜಪೇಯಿ ಅಧ್ಯಕ್ಷರು, ‘ಗಾಂಧೀವಾದಿ ಸಮಾಜವಾದ’ ಅಂತ ಮೆತ್ತಗಿನ ಮಾತು ಮುಂದಿಟ್ಟರು. 1984ರಲ್ಲಿ ಇಂದಿರಾ ಹತ್ಯೆಯ ನಂತರದ ಅಲೆಯಲ್ಲಿ ಎರಡೇ ಸೀಟು. 1989ರಲ್ಲಿ ಪಾಲಂಪುರದಲ್ಲಿ ರಾಮಮಂದಿರದ ನಿರ್ಣಯ, ಅದೇ ವರ್ಷ 85 ಸೀಟು. ಜನತಾದಳದ ಜೊತೆ ಸೀಟು ಹೊಂದಾಣಿಕೆಯೂ ಇತ್ತು ಎನ್ನುವುದನ್ನು ಜನ ಮರೆಯುತ್ತಾರೆ. 1998ರಲ್ಲಿ ಸರ್ಕಾರ ಮಾಡಲು ಮಿತ್ರಪಕ್ಷಗಳು ಬೇಕಿದ್ದವು. ಮಂದಿರ, 370ನೇ ವಿಧಿ, ಸಮಾನ ನಾಗರಿಕ ಸಂಹಿತೆ, ಮೂರನ್ನೂ ಬದಿಗಿಟ್ಟರು. ಬದಿಗಿಟ್ಟರು, ಬಿಸಾಕಲಿಲ್ಲ. 2019ರಲ್ಲಿ 303 ಸೀಟು ಬಂದಾಗ ಮೂರು ತಿಂಗಳೊಳಗೆ 370 ಹೋಯಿತು. ಆ ನಿಲುವು ಸರಿಯೋ ತಪ್ಪೋ ಅದು ಬೇರೆ ಚರ್ಚೆ, ಅದನ್ನು ಒಪ್ಪದವರೂ ಈ ನಡೆಯಿಂದ ಕಲಿಯಬೇಕಾದದ್ದಿದೆ. ಇಪ್ಪತ್ತು ವರ್ಷ ಅಟ್ಟದ ಮೇಲೆ ಇದ್ದ ಬೇಡಿಕೆ ಅಲ್ಲೇ ಇದೆ ಅಂತ ಕಾರ್ಯಕರ್ತನಿಗೆ ಗೊತ್ತಿತ್ತು. ಹಾಗಾಗಿ ಅವನು ಬಿಟ್ಟುಹೋಗಲಿಲ್ಲ.

ಜೆಡಿಎಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಕಾಂಗ್ರೆಸ್ ಜೊತೆ, 2023ರಲ್ಲಿ ಮತ್ತೆ ಬಿಜೆಪಿ ಕೂಟಕ್ಕೆ. ಇಬ್ಬರ ನಡುವೆ ನಿಂತವನಿಗೆ ಚೌಕಾಸಿಯ ಬಲ ಇರುತ್ತದೆ, ಮುಖ್ಯಮಂತ್ರಿ ಕುರ್ಚಿಯೂ ಸಿಗುತ್ತದೆ, ಅದು ಸಣ್ಣದಲ್ಲ. ಆದರೆ ಆ ಬಲ ಅವನ ಸೀಟಿನ ಸಂಖ್ಯೆ ಇರುವವರೆಗೆ ಮಾತ್ರ. 37ರಿಂದ 19ಕ್ಕೆ ಬಂದ ಮೇಲೆ ಚೌಕಾಸಿಯೂ ಅರ್ಧ.

ಈಗ ನಮ್ಮ ಕಡೆಯದೇ ಒಂದು ಕಥೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದರಲ್ಲೇ ಇದೆ ಅಂತ ನನಗನಿಸುತ್ತದೆ.

ನಿಜಾಮನ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. 1956ರಲ್ಲಿ ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಶಾಲೆ, ರಸ್ತೆ, ನೌಕರಿ ಎಲ್ಲದರಲ್ಲೂ ಹಿಂದೆ. ಆಂಧ್ರದವರಿಗೆ ಸಂವಿಧಾನದ 371ಡಿ ವಿಧಿಯಲ್ಲಿ ಓದು, ನೌಕರಿಗೆ ವಿಶೇಷ ಅವಕಾಶ ಸಿಕ್ಕಿತ್ತು. ನಮಗೂ ಅಂಥದ್ದೇ ಬೇಕು ಎಂದು ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದವರು ವೈಜನಾಥ ಪಾಟೀಲರು. ಚಿಂಚೋಳಿಯ ಶಾಸಕರಾಗಿದ್ದರು, ಮಂತ್ರಿಯೂ ಆಗಿದ್ದರು. ಅವರು ಒಂದೇ ಪಕ್ಷದಲ್ಲಿ ಉಳಿದವರಲ್ಲ. ಪಕ್ಷ ಬದಲಾದವು, ಬೇಡಿಕೆ ಬದಲಾಗಲಿಲ್ಲ. ಆಗ ದೊಡ್ಡ ಪಕ್ಷಗಳಿಗೆ ಇದು ತುದಿಯ ಮಾತು. ರಾಜ್ಯ ಒಡೆಯುವ ಮಾತು ಎಂದು ಹೆದರಿದವರೂ ಇದ್ದರು. ದೆಹಲಿಯಲ್ಲಿ ವಾಜಪೇಯಿ ಸರ್ಕಾರ ಇದ್ದಾಗ ಬೇಡಿಕೆ ತಿರಸ್ಕಾರವಾಯಿತು. ಬಂದ್, ಧರಣಿ, ರಸ್ತೆ ತಡೆ ನಡೆಯುತ್ತಲೇ ಇದ್ದವು. 2002ರಲ್ಲಿ ನಂಜುಂಡಪ್ಪ ಸಮಿತಿಯ ವರದಿ ಬಂದು ಹಿಂದುಳಿದಿರುವಿಕೆಗೆ ಅಂಕಿ ಅಂಶ ಸಿಕ್ಕಿತು. ಕೊನೆಗೆ ಖರ್ಗೆ ಕೇಂದ್ರ ಮಂತ್ರಿ, ಧರ್ಮಸಿಂಗ್ ಬೀದರ್ ಸಂಸದರಾಗಿದ್ದ ಹೊತ್ತಿನಲ್ಲಿ, 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿತು. ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲು ಕೊಡುವ 371ಜೆ ವಿಧಿ ಬಂತು. ಬೇಡ ಎಂದಿದ್ದ ಪಕ್ಷವೂ ಆಗ ಪರವಾಗಿ ನಿಂತಿತು.

ಇವತ್ತು ನಮ್ಮ ಜಿಲ್ಲೆಗಳಲ್ಲಿ ‘371ಜೆ ತೆಗೆಯುತ್ತೇವೆ’ ಎಂದು ಹೇಳಿ ಮತ ಕೇಳುವ ಪಕ್ಷ ಒಂದಿದೆಯಾ ತೋರಿಸಿ. ಇಲ್ಲ. ಎಲ್ಲರೂ ‘ನಾವು ತಂದದ್ದು’, ‘ನಾವು ಸರಿಯಾಗಿ ಜಾರಿ ಮಾಡುತ್ತೇವೆ’ ಎಂದು ಕಿತ್ತಾಡುತ್ತಾರೆ. ಆಗ ತುದಿಯಾಗಿದ್ದದ್ದು ಈಗ ನಟ್ಟನಡು. ಡೌನ್ಸ್‌ನ ಲೆಕ್ಕದಲ್ಲಿ ನಡು ಎಲ್ಲಿದೆ ಅನ್ನುವುದು ಮೊದಲೇ ಗೊತ್ತಿರುತ್ತದೆ, ಪಕ್ಷಗಳು ಅಲ್ಲಿಗೆ ಓಡುತ್ತವೆ ಅಷ್ಟೇ. ನಡುವನ್ನೇ ಎಳೆದು ತರುವವರ ಬಗ್ಗೆ ಆ ಲೆಕ್ಕ ಮಾತಾಡುವುದಿಲ್ಲ.

ಆದರೆ ಈ ಕಥೆಯಲ್ಲಿ ನಿಮ್ಮ ಕಾಕಾ ಗೆದ್ದರು ಅಂತ ತಿಳಿಯಬೇಡಿ. ಬೇಡಿಕೆ ಹಿಡಿದವರು ಒಬ್ಬರು, ಅದನ್ನು ಕಾನೂನು ಮಾಡಿಸಿದವರು ಇನ್ನೊಬ್ಬರು. ಅಧಿಕಾರದ ಕುರ್ಚಿಯ ಹತ್ತಿರ ನಮ್ಮವರು ಇರದಿದ್ದರೆ ಧರಣಿ ಧರಣಿಯಾಗೇ ಉಳಿಯುತ್ತಿತ್ತು. ತೊಗರಿ ಬೆಳೆಗಾರರ ವಿಷಯವೂ ಹೀಗೇ. ಸಿಪಿಎಂನ ಮಾರುತಿ ಮಾನ್ಪಡೆ ಖರೀದಿ ಕೇಂದ್ರಕ್ಕಾಗಿ, ಬೆಂಬಲ ಬೆಲೆಗಾಗಿ ರೈತರನ್ನು ಕಟ್ಟಿಕೊಂಡು ಬೀದಿಯಲ್ಲಿದ್ದವರು. ವಿಧಾನಸಭೆ ಚುನಾವಣೆ ಗೆಲ್ಲಲಿಲ್ಲ, 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಈಗ ತೊಗರಿ ಸುಗ್ಗಿ ಬಂತೆಂದರೆ ಖರೀದಿ ಕೇಂದ್ರ ತೆರೆಯಿರಿ ಎಂದು ಎಲ್ಲ ಪಕ್ಷದವರೂ ಮನವಿ ಪತ್ರ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತಾರೆ. ಆದರೆ ಕೇಂದ್ರ ಯಾವ ದಿನ ತೆರೆಯಬೇಕು, ಒಬ್ಬ ರೈತನಿಂದ ಎಷ್ಟು ಕ್ವಿಂಟಲ್ ಕೊಳ್ಳಬೇಕು ಅಂತ ತೀರ್ಮಾನಿಸುವವರು ಗೆದ್ದು ಕೂತವರೇ.

ಈಗ ನಿಮ್ಮ ಸಭೆಯ ಮಾತಿಗೆ ಬರೋಣ. ಅದರಲ್ಲಿ ಎರಡು ಮಾತು ಕಲಸಿವೆ. ಒಂದು, ‘ಸದ್ಯಕ್ಕೆ ಬೇಡ’. ಇದು ನನಗೆ ತಪ್ಪು ಕಾಣುವುದಿಲ್ಲ. ಯಾವ ಬೇಡಿಕೆ ಮೊದಲು, ಯಾವುದು ಆಮೇಲೆ, ಯಾವ ಊರಲ್ಲಿ ಯಾವ ಮಾತು ಮುಂದಿಡಬೇಕು ಅನ್ನುವುದು ರಾಜಕಾರಣದ ಕೆಲಸವೇ. ಕಲಬುರಗಿ ಉತ್ತರದ ನಡುವೂ ಸೇಡಂನ ನಡುವೂ ಒಂದೇ ಅಲ್ಲ. 2017ರ ಜುಲೈನಲ್ಲಿ ಬೀದರ್‌ನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ದೊಡ್ಡ ರ‍್ಯಾಲಿ ನಡೆಯಿತು. 2018ರ ಮಾರ್ಚಿನಲ್ಲಿ ಆಗಿನ ಕಾಂಗ್ರೆಸ್ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿತು. ಚುನಾವಣೆಗೆ ಎರಡೇ ತಿಂಗಳಿತ್ತು. ಬೇಡಿಕೆ ಇಟ್ಟವರಲ್ಲಿ ಶ್ರದ್ಧೆ ಇತ್ತು, ಆದರೆ ಹೊತ್ತು ನೋಡಿದವರಿಗೆ ಬೇರೆ ಅರ್ಥ ಕಂಡಿತು. 2023ರಲ್ಲಿ ಆ ವಿಷಯ ಮುಂದೆ ತರದೆ ಗ್ಯಾರಂಟಿಗಳ ಮೇಲೆ ಮತ ಕೇಳಿದರು.

ಎರಡನೆಯದು, ‘ಯಾರಿಗೂ ಬೇಜಾರಾಗದಂತೆ’. ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. 371ಜೆ ಹುದ್ದೆ ತುಂಬಿ ಎಂದರೂ ರಾಜ್ಯದ ಇನ್ನೊಂದು ಕಡೆ ಯಾರಿಗಾದರೂ ಬೇಜಾರಾಗುತ್ತದೆ. ತೊಗರಿಗೆ ಒಳ್ಳೆ ಬೆಲೆ ಎಂದರೆ ಬೇಳೆ ಕೊಳ್ಳುವವನಿಗೆ ಬೇಜಾರು. ಯಾರಿಗೂ ಬೇಜಾರಾಗದ ಮಾತು ‘ಅಭಿವೃದ್ಧಿ’ ಒಂದೇ. ಆ ಮಾತನ್ನು ನಿಮ್ಮ ಎದುರಿನ ಪಕ್ಷವೂ ಆಡುತ್ತದೆ. ಆಗ ಅಭ್ಯರ್ಥಿಯ ಜಾತಿ, ಜೇಬು ಎರಡೇ ಉಳಿಯುತ್ತವೆ. ಆ ಪೈಪೋಟಿಯಲ್ಲಿ ಗೆಲ್ಲುವಷ್ಟು ದುಡ್ಡು ನಿಮ್ಮ ಪಕ್ಷಕ್ಕೆ ಇದೆಯಾ, ನೀವೇ ಹೇಳಿ.

ಹಾಗಾಗಿ ಮುಂದಿನ ಸಭೆಯಲ್ಲಿ ನೀವು ಕೇಳಬೇಕಾದ್ದು ಒಂದು: ಹಳೆಯ ಬೇಡಿಕೆಗಳಲ್ಲಿ ಯಾವುದು ಮುಂದಕ್ಕೆ ಹಾಕಿದ್ದು, ಯಾವುದು ಕೈಬಿಟ್ಟದ್ದು? ಒಂದೊಂದರ ಹೆಸರು ಹೇಳಿ ಕೇಳಿ. ಮುಂದಕ್ಕೆ ಹಾಕಿದ್ದಾದರೆ, ಎಷ್ಟು ಬಲ ಬಂದರೆ ಮತ್ತೆ ಎತ್ತುತ್ತೀರಿ ಅಂತಲೂ ಕೇಳಿ. ನೇರ ಉತ್ತರ ಕೊಟ್ಟರೆ ಮನೆಗೆ ಬಂದು ಕಾಕಾನಿಗೆ ಹೇಳಿ, ಅವರು ಒಪ್ಪುತ್ತಾರೆ. ಹಳೆ ಕಾರ್ಯಕರ್ತರು ಕಾಯುವುದಕ್ಕೆ ಬೇಸರಪಡುವುದಿಲ್ಲ. ‘ಅದೆಲ್ಲ ಆಮೇಲೆ ನೋಡೋಣ’ ಎಂದರೆ, ಆ ಮಾತು ನಾಯಕರಿಗೇ ಗೊತ್ತಿಲ್ಲ ಅಥವಾ ಕೈಬಿಟ್ಟಾಗಿದೆ ಅಂತ ಅರ್ಥ. ಆಗ ಕಾಕಾನ ಸಿಟ್ಟು ಸರಿ. ಕೈಬಿಟ್ಟದ್ದು ಯಾವುದೋ ಸಣ್ಣ ಬೇಡಿಕೆಯಾಗಿದ್ದರೆ ಮಾತ್ರ ಕಾಕಾ ಸ್ವಲ್ಪ ಬಗ್ಗಬೇಕು, ಪಟ್ಟಿಯಲ್ಲಿದ್ದ ಎಲ್ಲವೂ ತತ್ವ ಆಗುವುದಿಲ್ಲ.

ಇನ್ನೊಂದು. ಇದನ್ನು ವಿಧಾನಸಭೆ ಚುನಾವಣೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ, ಅಲ್ಲಿ ಗಾಳಿ ಜೋರು. ಗ್ರಾಮ ಪಂಚಾಯಿತಿ, ತಾಲೂಕು ಪಂಚಾಯಿತಿ ಚುನಾವಣೆ ಬಂದಾಗ ನಿಮ್ಮ ಊರಲ್ಲಿ ಒಂದು ಗಟ್ಟಿ ಬೇಡಿಕೆ ಹಿಡಿದು ಮನೆ ಮನೆಗೆ ಹೋಗಿ. ಖರೀದಿ ಕೇಂದ್ರ ಆಗಬಹುದು, ಖಾತ್ರಿ ಕೂಲಿಯ ಬಾಕಿ ಆಗಬಹುದು. ಕಾಕಾನನ್ನೂ ಜೊತೆಗೆ ಕರೆದುಕೊಳ್ಳಿ. ಎಷ್ಟು ಮನೆಯವರು ಬೇಜಾರಾದರು, ಎಷ್ಟು ಮನೆಯವರು ‘ಇದನ್ನಾದ್ರೂ ಒಬ್ರು ಕೇಳಿದ್ರಲ್ಲ’ ಎಂದರು ಅಂತ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. ಆ ಪಟ್ಟಿ ಹಿಡಿದು ಕಲಬುರಗಿಯ ಸಭೆಗೆ ಹೋದರೆ ನಿಮ್ಮ ಮಾತನ್ನು ಕೇಳಲೇಬೇಕಾಗುತ್ತದೆ. ಮನೆ ಮನೆಯ ಇಂಥ ಅಂಕಿ ಅವರ ಹತ್ತಿರ ಇರುವುದಿಲ್ಲ.